ಬಾಗಿಲಲ್ಲಿ ನಿಂತು ಮೂರು ಸಲ ಕೇಳಿದ ಮಾತು

ಕೊರೋನಾ ಹಾವಳಿ ಇಳಿದು ಜನ ಮಾಸ್ಕು ಬಿಚ್ಚಿ ಬಿಸಾಕಿದ ವರ್ಷ ನಾನು ತಮಿಳುನಾಡಿನ ಗಡಿಯ ಹೊಸೂರಿನ ಒಂದು ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಪಾದ್ರಿಯಾಗಿದ್ದೆ. ನಿವೃತ್ತಿಗೆ ಇನ್ನೇನು ಹೆಚ್ಚು ಕಾಲ ಉಳಿದಿರಲಿಲ್ಲ. ಮಂಡಿನೋವು, ಸಕ್ಕರೆ ಕಾಯಿಲೆ, ಮೂಗಿನ ತುದಿಯಲ್ಲಿ ಸಿಟ್ಟು, ಮೂರೂ ಜೊತೆಗಿದ್ದವು. ಇಷ್ಟು ಸಾಲದು ಅಂತ ಅಭ್ಯರ್ಥಿ ಸಮಿತಿಯ ಸಂಚಾಲಕನ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದರು. ಪಾದ್ರಿಯಾಗಬೇಕು ಅಂತ ಬಂದವರನ್ನು ವರ್ಷಗಟ್ಟಲೆ ತಿದ್ದಿ, ಪರೀಕ್ಷೆ ಮಾಡಿ, ಇವರು ಆಗಬಹುದು, ಇವರು ಬೇಡ ಅಂತ ಹೇಳುವ ಕೆಲಸ ಅದು.

ನಮ್ಮ ಪದ್ಧತಿಯನ್ನು ಇಲ್ಲೇ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಿಷಪ್ಪರಿಲ್ಲ. ಪ್ರತಿ ಊರಿನ ಸಭೆಗೂ ಜನರೇ ಆರಿಸಿದ ಹಿರಿಯರಿರುತ್ತಾರೆ. ಸುತ್ತಲ ಸಭೆಗಳ ಪಾದ್ರಿಗಳೂ ಹಿರಿಯರೂ ಒಟ್ಟಿಗೆ ಕೂರುವ ಕೂಟಕ್ಕೆ ಪ್ರೆಸ್ಬಿಟರಿ ಅನ್ನುತ್ತೇವೆ. ಅಭ್ಯರ್ಥಿಯಾದವರು ದೇವಶಾಸ್ತ್ರದ ಕಾಲೇಜು ಮುಗಿಸಿ, ಒಂದು ಹಳ್ಳಿಯಲ್ಲಿ ಪ್ರೊಬೇಷನ್ ಮಾಡಿ, ಪ್ರೆಸ್ಬಿಟರಿಯ ಮುಂದೆ ಪರೀಕ್ಷಾ ಪ್ರಸಂಗ, ಅಂದರೆ ಒಂದು ಧರ್ಮೋಪದೇಶ, ಕೊಡಬೇಕು. ಎಲ್ಲ ಪಾಸಾದ ಮೇಲೂ ಒಂದು ಬಾಕಿ ಇರುತ್ತದೆ. ತಲೆಯ ಮೇಲೆ ಕೈಯಿಟ್ಟು ಪಾದ್ರಿಯಾಗಿ ಮಾಡುವ ದೀಕ್ಷೆಗೆ ಮುಂಚೆ, ಆ ಅಭ್ಯರ್ಥಿ ಕೆಲಸ ಮಾಡಿದ ಊರಿನ ಚರ್ಚಿನ ಬಾಗಿಲಲ್ಲಿ ಒಬ್ಬ ಪಾದ್ರಿ ನಿಂತು, ಹೊರಕ್ಕೆ ಮುಖ ಮಾಡಿ, ಮೂರು ಸಲ ಕೂಗಿ ಕೇಳಬೇಕು: ಇವರ ನಡತೆಯ ಬಗ್ಗೆ ಅಥವಾ ಬೋಧನೆಯ ಬಗ್ಗೆ ಯಾರಿಗಾದರೂ ತಕರಾರಿದೆಯೇ? ಇದಕ್ಕೆ ಎಡಿಕ್ಟ್ ಅಂತ ದೊಡ್ಡ ಹೆಸರಿದೆ. ನಮ್ಮ ಜನ 'ತಕರಾರು ಕೇಳೋದು' ಅನ್ನುತ್ತಾರೆ.

ಇದು ಬಹುಮಟ್ಟಿಗೆ ಶಾಸ್ತ್ರಕ್ಕೆ ನಡೆಯುವ ಕೆಲಸವಾಗಿಬಿಟ್ಟಿತ್ತು. ಕೇಳುವವನು ಉಸಿರು ಬಿಡದೆ ಮೂರು ಸಲ ಓದಿ ಒಳಗೆ ಹೋಗಿಬಿಡುತ್ತಿದ್ದ. ಹೊರಗಡೆ ಇರುತ್ತಿದ್ದವರಾದರೂ ಯಾರು? ಚಪ್ಪಲಿಗಳು, ಒಂದೋ ಎರಡೋ ನಾಯಿ.

ಆ ವರ್ಷಕ್ಕೂ ಕೆಲವು ವರ್ಷ ಮುಂಚೆ ಜಯಶೀಲ ನಮ್ಮ ಸಮಿತಿಯ ಮುಂದೆ ಬಂದಾಗ ಅವಳ ವಯಸ್ಸು ಮೂವತ್ತು ದಾಟಿತ್ತು. ಬಾಗಲೂರಿನವಳು. ಹೊಸೂರಿನ ಗಡಿಯಾರ ಕಾರ್ಖಾನೆಯಲ್ಲಿ ವಾಚು ಜೋಡಿಸುವ ಲೈನಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಳು. ಪರ್ಮನೆಂಟ್ ಆಗಿದ್ದ ಕೆಲಸ ಬಿಟ್ಟು ಬಂದಳು ಅಂತ ಅವಳ ತಾಯಿ ನನ್ನ ಹತ್ತಿರವೇ ಬಂದು, "ಅಯ್ಯನೋರೆ, ಇವಳ ತಲೆ ಕೆಡಿಸಿದ್ದು ನೀವೇನಾ?" ಅಂತ ಜಗಳ ತೆಗೆದಿದ್ದರು.

"ಯಾಕಮ್ಮ ಪಾದ್ರಿ ಆಗ್ಬೇಕು ನಿನಗೆ?" ಅಂತ ಸಂದರ್ಶನದಲ್ಲಿ ಕೇಳಿದೆ.

"ಒಂದು ಮುಳ್ಳು ಸರಿಯಾಗಿ ಕೂರದಿದ್ರೆ ಇಡೀ ವಾಚು ಸುಳ್ಳು ಹೇಳುತ್ತೆ ಅಯ್ಯಾ. ಜನರನ್ನೂ ಹಾಗೇ ಹತ್ತಿರ ಕೂತು ನೋಡೋರು ಒಬ್ರು ಬೇಕು" ಅಂದಳು.

ಸಮಿತಿಯಲ್ಲೇ ಕೂತಿದ್ದ, ನಮ್ಮ ಸಭೆಯ ಹಿರಿಯರಲ್ಲೊಬ್ಬರಾದ ಗುಣಶೀಲನ್ ಅಲ್ಲೇ ಕರಗಿಹೋದರು. ಅವರು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು, ಮನೆಮಾತು ತಮಿಳು. ನನಗೂ ಆ ಉತ್ತರ ಹಿಡಿಸಿತು. ಆದರೆ ಕೊನೆಗೆ ಇನ್ನೊಂದು ಕಂಡೆ. "ನನ್ನನ್ನ ಇನ್ನೇನಾದ್ರೂ ಕೇಳೋದಿದೆಯಾ ಅಯ್ಯಾ?" ಅಂತ ಅವಳು ಕೇಳುವಾಗಲೇ ಕುರ್ಚಿಯಿಂದ ಎದ್ದಾಗಿತ್ತು, ಬ್ಯಾಗು ಹೆಗಲಿಗೇರಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ವಂದನೆ ಹೇಳಿ ಹೊರಟಳು. ಶಿಫ್ಟ್ ಬಸ್ಸು ಹಿಡಿದು ಹಿಡಿದು ಬಂದ ಅಭ್ಯಾಸ ಅಂತ ಗುಣಶೀಲನ್ ನಕ್ಕರು.

ಕಾಲೇಜು ಚೆನ್ನಾಗಿಯೇ ಮುಗಿಸಿದಳು. ಮಾಸ್ಕು ಬಿಸಾಕಿದ ಆ ವರ್ಷವೇ ಪ್ರೊಬೇಷನ್ನಿಗೆ ಜವಳಗಿರಿಯಿಂದಲೂ ಆಚೆ, ಕಾಡಂಚಿನ ಒಂದು ಹಳ್ಳಿಗೆ ಹಾಕಿದೆವು. ತಳಿ ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಾಡು ಹತ್ತಿರ ಬರುತ್ತಾ ಹೋಗುತ್ತದೆ, ಮಾತಾಡುತ್ತಿದ್ದ ಬಸ್ಸಿನ ಜನ ಒಬ್ಬೊಬ್ಬರೇ ಸುಮ್ಮನಾಗುತ್ತಾರೆ. ಅವಳನ್ನು ಬಿಟ್ಟುಬರಲು ನಾನೇ ಹೋಗಿದ್ದೆ. ಕ್ರೈಸ್ತರ ಮನೆಗಳು ಅಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ಉಳಿದವರೆಲ್ಲ ತಲೆತಲಾಂತರದಿಂದ ಅಲ್ಲೇ ರಾಗಿ, ಅವರೆ ಬೆಳೆದುಕೊಂಡು ಬಂದ ಹಿಂದೂ ಒಕ್ಕಲು ಮನೆತನಗಳು. ಆ ಊರಿನ ನಮ್ಮ ಹಿರಿಯ ಯೋಹಾನಪ್ಪನೂ ರಾಗಿ ಬೆಳೆಯುವವನೇ. ಅವನು ಚರ್ಚಿನ ಮುಂದೆ ಎರಡು ಕಲ್ಲುಕಂಬದ ನಡುವೆ ತೂಗುತ್ತಿದ್ದ ಗಂಟೆಯನ್ನು ಜಯಶೀಲಳಿಗೆ ತೋರಿಸಿದ.

"ಭಾನ್ವಾರ ಬಿಸಿಲೇರಿದ ಮ್ಯಾಕೆ ಒಂದ್ಸಲ ಬಡೀತೀವಿ ಕಣಮ್ಮಾ, ಅದು ದ್ಯಾವ್ರಿಗೆ. ಬ್ಯಾರೆ ಯಾವ್ ಹೊತ್ನಾಗೆ ಬಡುದ್ರೂ ಆನೆಗೆ. ಊರೆಲ್ಲ ಹಂಗೇ ತಿಳ್ಕಂಡೈತೆ."

ರಾಗಿ ತೆನೆ ಬಲಿತು ಕಟಾವಾಗುವ ಕಾಲಕ್ಕೆ ಆನೆಗಳು ಕಾಡಿಳಿದು ಬರುತ್ತವೆ. ಗಂಡಸರು ಹೊಲದಲ್ಲಿ ಅಟ್ಟ ಕಟ್ಟಿಕೊಂಡು ಕಾಯುತ್ತಾರೆ. ಗಂಟೆ ಕೇಳಿಸಿದರೆ ಮನೆಯಲ್ಲಿದ್ದವರು ಬಾಗಿಲು ಹಾಕಿಕೊಳ್ಳಬೇಕು, ಅಟ್ಟದ ಮೇಲಿದ್ದವರು ಕೆಳಗಿಳಿಯಬಾರದು. ಯಾವ ಜಾತಿ, ಯಾವ ದೇವರು ಅನ್ನುವ ಮಾತೇ ಇಲ್ಲ. ಗಂಟೆ ಇಡೀ ಊರಿನದು. ಜಯಶೀಲ ಎಲ್ಲವನ್ನೂ ಕೇಳಿಸಿಕೊಂಡಳು. ಹಗ್ಗ ಎಳೆದು ನೋಡಿ, ತುಕ್ಕು ಹಿಡಿದ ಕೊಂಡಿಗೆ ಎಣ್ಣೆ ಬಿಡಬೇಕು ಅಂದಳು.

ಚರ್ಚಿನ ಎದುರು ಮನೆ ಮುನಿಯಮ್ಮನದು. ಎರಡು ಹಸುಗಳಿದ್ದವು. ನಮ್ಮ ಆರಾಧನೆಗೂ ಆಕೆಗೂ ಸಂಬಂಧವಿಲ್ಲ, ಆದರೆ ಆರಾಧನೆ ಮುಗಿದ ಮೇಲಿನ ಟೀಗೆ ಹಾಲು ಆಕೆಯದೇ. ಚೊಂಬು ಹಿಡಿದು ಚರ್ಚಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಗಂಡ ತಿಮ್ಮರಾಯಪ್ಪ ತಮಾಷೆಯ ಮನುಷ್ಯ. ಜಯಶೀಲಳ ಹಳೇ ಕೆಲಸ ಗೊತ್ತಾದ ದಿನದಿಂದ ಅವಳಿಗೆ 'ವಾಚಮ್ಮ' ಅಂತ ಹೆಸರಿಟ್ಟಿದ್ದ. "ಏನ್ ವಾಚಮ್ಮಾ, ಟೈಮೆಷ್ಟಾಯ್ತು?" ಅಂತ ದಾರಿಯಲ್ಲಿ ನಿಲ್ಲಿಸಿ ಕೇಳುವುದು, ಅವಳು ಮಣಿಕಟ್ಟು ತೋರಿಸುವುದು, "ಅಯ್ಯೋ, ಅಷ್ಟೊಂದಾಗೋಯ್ತಾ!" ಅಂತ ಓಡುವವನ ಹಾಗೆ ನಟಿಸುವುದು. ಇದನ್ನು ನಾನೇ ಒಂದೆರಡು ಸಲ ಕಂಡಿದ್ದೇನೆ.

ಆ ವರ್ಷದ ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಲ್ಲಿ, ನಾವು ಆಗಮನ ಕಾಲ ಅನ್ನುವ ದಿನಗಳಲ್ಲಿ, ಜಯಶೀಲ ಹೊಸದೊಂದು ಶುರುಮಾಡಿದಳು. ದಿನಾ ನಸುಕಿನಲ್ಲಿ ಪ್ರಾರ್ಥನೆ. ಕಾರ್ಖಾನೆಗೆ ಹೋಗುವ ಹುಡುಗರು ಬೆಳಗಿನ ಶಿಫ್ಟಿಗೆ ಬಸ್ಸು ಹತ್ತುವ ಮುಂಚೆ ಒಂದು ಗಳಿಗೆ ಬಂದು ಹೋಗಲಿ ಅಂತ. ಅದಕ್ಕೆ ಗಂಟೆ. ಹಿರಿಯರೂ ಒಪ್ಪಿದರಂತೆ: ಪ್ರಾರ್ಥನೆಗೆ ತಡೆತಡೆದು ಬಡಿಯುವುದು, ಆನೆ ಬಂದರೆ ಬಿಡದೆ ಬಡಿಯುವುದು. ಕಾಗದದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ! ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಕ್ರಿಸ್ಮಸ್ ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ನಾನು ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ. ಯೋಹಾನಪ್ಪನ ಫೋನು ಬಂತು. ಸುತ್ತ ಹೆಂಗಸರು ಅಳುವುದು ಕೇಳಿಸುತ್ತಿತ್ತು.

"ಅಯ್ಯನೋರೆ, ತಿಮ್ಮರಾಯಣ್ಣ ಹೋಗ್ಬುಟ್ಟ. ಆನೆ. ಬಿರ್ರನೆ ಬನ್ನಿ."

"ಗಂಟೆ ಬಡೀಲಿಲ್ವೇನೋ?"

"ಬಡುದ್ರು ಅಯ್ಯನೋರೆ. ಬಡುದಿದ್ಕೇ ಹೋದ ಅಂತಾವ್ರೆ ಜನ."

ದಾರಿಯುದ್ದಕ್ಕೂ ಆ ಮಾತನ್ನೇ ತಿರುವಿ ಹಾಕಿದೆ, ತಲೆಬುಡ ಹತ್ತಲಿಲ್ಲ.

ನಾನು ಹೋದಾಗ ಫಾರೆಸ್ಟಿನವರು ಹೊಲದ ಹತ್ತಿರ ನಿಂತು ವೈರ್‌ಲೆಸ್ಸಿನಲ್ಲಿ ತಮಿಳಿನಲ್ಲಿ ಮಾತಾಡುತ್ತಿದ್ದರು. ಒಂಟಿ ಸಲಗ. ಕಾಡಿನ ಕಡೆಯಿಂದ ಬಂದ ಒಬ್ಬ ಹುಯ್ಯಲಿಟ್ಟನಂತೆ, ಜಯಶೀಲ ಎದ್ದು ಓಡಿ ಹಗ್ಗ ಹಿಡಿದಳಂತೆ. ಬಿಡದೆ ಬಡಿದಿದ್ದಾಳೆ. ಮಂಜು ಕವಿದಿತ್ತು. ತಿಮ್ಮರಾಯಪ್ಪ ಅಟ್ಟದ ಮೇಲೆ ಅರೆನಿದ್ದೆಯಲ್ಲಿದ್ದ. ದಿನಾ ಅದೇ ಹೊತ್ತಿಗೆ ಕೇಳುತ್ತಿದ್ದ ಗಂಟೆ ಕೇಳಿಸಿತು. ಬೆಳಗಾಯಿತು ಅಂದುಕೊಂಡು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಇಳಿದಿರಬೇಕು. ಕಂಬಳಿ ಅಟ್ಟದ ಕಾಲಿನ ಹತ್ತಿರವೇ ಬಿದ್ದಿತ್ತು.

ಜಯಶೀಲ ಚರ್ಚಿನ ಗೋಡೆಗೆ ಆತು ನಿಂತಿದ್ದಳು. ಹಗ್ಗ ಎಳೆದೆಳೆದು ಅಂಗೈ ಬೊಬ್ಬೆ ಎದ್ದಿತ್ತು.

"ನಾನು ಬಿಡದೆ ಬಡಿದೆ ಅಯ್ಯಾ. ನಿಲ್ಲಿಸಲೇ ಇಲ್ಲ. ಅವರು ಇಳಿದು ಬಂದ್ರು" ಅಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು. ನನಗೆ ದುಃಖ ಉಕ್ಕಿ ಬಂತು.

ಮಣ್ಣಾದ ಮೇಲೆ ತಿಮ್ಮರಾಯಪ್ಪನ ತಮ್ಮ ಮಾದೇಶ ನೇರವಾಗಿ ಗಂಟೆಯ ಹತ್ತಿರ ಬಂದ. ಗೋಣಿಚೀಲ ಹರಿದು ಗಂಟೆಯ ನಾಲಿಗೆಗೆ ಸುತ್ತಿ, ಸಣಬಿನ ಹುರಿಯಿಂದ ಬಿಗಿದ. "ಇನ್ ಮ್ಯಾಕೆ ಇದು ಮಾತಾಡ್ಕೂಡ್ದು" ಅಂದ. ಯೋಹಾನಪ್ಪನೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಮುನಿಯಮ್ಮ ತಮ್ಮ ಜಗಲಿಯಿಂದ ನೋಡುತ್ತಾ ಕೂತಿದ್ದರು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಆಮೇಲಿನ ದಿನಗಳು ಅದಕ್ಕಿಂತ ಭಯದವು. ಆನೆಗಳು ಹೋಗಿರಲಿಲ್ಲ. ಸಲಗ ಕೆರೆಯ ಹಿಂದೆ ಕಂಡಿತು, ಮಾವಿನ ತೋಪಿನಲ್ಲಿ ಕಂಡಿತು ಅಂತ ದಿನಾ ಸುದ್ದಿ. ಊರಿಗೆ ಈಗ ಗಂಟೆಯಿಲ್ಲ. ಬಿಚ್ಚಿದರೂ ಕಷ್ಟ, ಬಡಿದರೆ ಆನೆ ಅಂತ ನಂಬುವವರು ಎಷ್ಟು ಜನ, ಬೆಳಗಾಯಿತು ಅಂತ ಇಳಿಯುವವರು ಎಷ್ಟು ಜನ, ಯಾರಿಗೆ ಗೊತ್ತು? ಹೊಲ ಕಾಯುವವರು ತಗಡು ಬಡಿದರು, ಕೂಗಿದರು. ಸಂಕ್ರಾಂತಿಯ ಹೊತ್ತಿಗೆ ಊರಿನವರ ಮುಖದಲ್ಲಿ ನಿದ್ದೆ ಅನ್ನುವುದೇ ಇರಲಿಲ್ಲ. ಜಯಶೀಲಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು! ಅವಳು ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು, ಅಷ್ಟೇ. ಮುನಿಯಮ್ಮನ ಹಾಲು ನಿಂತಿತು. ನಾನು ಅಲ್ಲಿಗೆ ಹೋದ ಭಾನುವಾರ ನಾವು ಕರಿ ಟೀ ಕುಡಿದೆವು.

ಒಂದು ದಿನ ಜಯಶೀಲ ಹೊಸೂರಿಗೆ ಬಂದು, "ನನಗೆ ದೀಕ್ಷೆ ಬೇಡ ಅಯ್ಯಾ, ಬಿಟ್ಟುಬಿಡ್ತೀನಿ" ಅಂದಳು.

"ಬಿಡೋದಿದ್ರೆ ಆ ಊರಲ್ಲಿ ಇದ್ದುಕೊಂಡೇ ಬಿಡು. ಓಡಿ ಹೋಗೋಕೆ ನಾನು ಒಪ್ಪಿಗೆ ಕೊಡಲ್ಲ" ಅಂತ ಗದರಿದೆ. ಮೆತ್ತಗೆ ಹೇಳಬಹುದಿತ್ತೇನೋ, ನನ್ನ ಬಾಯಿಯೇ ಹಾಗೆ. ಅವಳು ವಾಪಸ್ಸು ಹೋದಳು.

ಪರೀಕ್ಷಾ ಪ್ರಸಂಗ ಕೊಟ್ಟಳು, ಪಾಸಾದಳು. ನಡೆದದ್ದರ ಬಗ್ಗೆ ಪ್ರೆಸ್ಬಿಟರಿ ವಿಚಾರಿಸಿತು. ಆನೆ ಬಂದಾಗ ಗಂಟೆ ಬಡಿಯುವುದು ಊರಿನ ನಿಯಮ, ಅವಳು ಬಡಿದಳು, ತಪ್ಪೇನು? ಈಸ್ಟರ್ ಆದ ಮೇಲೆ ದೀಕ್ಷೆ ಅಂತ ತೀರ್ಮಾನವಾಯಿತು. ಉಳಿದದ್ದು ತಕರಾರು ಕೇಳುವುದೊಂದೇ.

ಗುಣಶೀಲನ್ ನನ್ನ ಮನೆಗೇ ಬಂದರು. "ಅಯ್ಯಾ, ಅದನ್ನ ಹೊಸೂರಲ್ಲೇ ಕೇಳಿ ಮುಗಿಸಿಬಿಡಿ. ಅಲ್ಲಿಗೆ ಹೋಗಿ ಕೇಳಿದ್ರೆ ಆ ಜನ ಸುಮ್ನಿರ್ತಾರಾ? ಎದುಕ್ಕಯ್ಯಾ ವಂಬು?" ಅಂದರು. ಯಾಕೆ ಬೇಕು ರಗಳೆ ಅಂತ ತಮಿಳಿನಲ್ಲಿ.

"ಅವಳು ಹೊಸೂರಲ್ಲಿ ಕೆಲಸ ಮಾಡಿದ್ಳೇನ್ರಿ?"

"ಒಂದು ತಕರಾರು ಬಂದ್ರೂ ದೀಕ್ಷೆ ನಿಂತುಹೋಗುತ್ತೆ. ಆ ಹುಡುಗಿ ಬದುಕು ಏನಾಗ್ಬೇಕು? ಕೆಲಸವೂ ಹೋಯ್ತು, ಇದೂ ಹೋಗುತ್ತೆ."

ಅವರು ಹೇಳಿದ್ದು ಸುಳ್ಳಲ್ಲ. ಜಯಶೀಲಳ ಮೇಲೆ ಅವರಿಗೆ ಮಗಳಂಥ ಪ್ರೀತಿ. ಆದರೆ ಊರಿನವರಿಗೆ ಕೇಳಿಸದ ಹಾಗೆ ಊರಿನವರನ್ನು ಕೇಳುವುದು ನನ್ನ ಕೈಲಾಗದು ಅಂದೆ. ಭಾನುವಾರವನ್ನು ಗೊತ್ತುಮಾಡಿ ಯೋಹಾನಪ್ಪನಿಗೆ ತಿಳಿಸಿದೆ. ಮಾರನೆಯ ದಿನವೇ ಅವನಿಂದ ಫೋನು: "ಮಾದೇಶ ಹೇಳ್ ಕಳ್ಸವ್ನೆ. ನೀವು ಕೇಳೋ ದಿನ ಅವ್ರೂ ಬತ್ತಾರಂತೆ. ಊರೋರೆಲ್ಲ."

ಬಿಸಿಲು ಕಾಲದ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು, ನಾನೂ ಗುಣಶೀಲನ್ನೂ. ಬರಲ್ಲ ಅಂದಿದ್ದವರು ಬಸ್ ನಿಲ್ದಾಣದಲ್ಲಿ ನನಗಿಂತ ಮುಂಚೆ ನಿಂತಿದ್ದರು. ಜವಳಗಿರಿಯಲ್ಲಿ ಇಳಿದಾಗ ಟೀ ಅಂಗಡಿಯ ಮುಂದೆ ಮಾದೇಶ ಕಾದಿದ್ದ. ಟೀ ಕುಡಿಯಪ್ಪ ಅಂದೆ. ಲೋಟ ಮುಟ್ಟಲಿಲ್ಲ.

"ಇವತ್ತು ಕೇಳ್ತೀರಂತೆ."

"ಕೇಳ್ತೀನಿ."

"ಕೇಳಿ. ಬತ್ತೀವಿ" ಅಂದು ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದ. ಗುಣಶೀಲನ್ ಟೀ ಅರ್ಧಕ್ಕೇ ಬಿಟ್ಟರು.

ಚರ್ಚಿನೊಳಗೆ ನಮ್ಮವರು ಕಡಿಮೆ. ಹೊರಗೆ ಹೊಂಗೆ ಮರದ ಕೆಳಗೆ ಊರಿಗೆ ಊರೇ ನಿಂತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬೀಡಿ ಹಚ್ಚಿದವರಿಲ್ಲ, ಕೆಮ್ಮಿದವರಿಲ್ಲ. ಗೋಣಿ ಸುತ್ತಿದ ಗಂಟೆ ಹಾಗೇ ತೂಗುತ್ತಿತ್ತು. ಪ್ರಸಂಗ ಹೇಗೋ ಮುಗಿಸಿದೆ. ಏನು ಹೇಳಿದೆನೋ ನನಗೇ ನೆನಪಿಲ್ಲ. ಮುಂದಿನ ಬೆಂಚಿನಲ್ಲಿ ಜಯಶೀಲ ತಲೆ ತಗ್ಗಿಸಿ ಕೂತಿದ್ದಳು.

ಬಾಗಿಲಿಗೆ ಬಂದು ಹೊರಕ್ಕೆ ಮುಖ ಮಾಡಿ ನಿಂತೆ. ಮೊದಲ ಸಲ ಕೇಳಿದೆ. ಯಾರೂ ಅಲುಗಾಡಲಿಲ್ಲ. ಎರಡನೆಯ ಸಲ ಕೇಳಿದೆ. ಮಾದೇಶ ಅತ್ತಿಗೆಯ ಕಡೆ ನೋಡಿದ, ಆಕೆ ನೆಲ ನೋಡುತ್ತಿದ್ದರು. ಮೂರನೆಯ ಸಲ ಕೇಳಿದೆ.

ಹಿಂದಿನಿಂದ ಗುಣಶೀಲನ್ ಪಿಸುಗುಟ್ಟಿದರು: "ಮೂರಾಯ್ತು. ಒಳಗೆ ಬನ್ನಿ."

ನಾನು ಕದಲಲಿಲ್ಲ. ಧೈರ್ಯದಿಂದ ಅಂತ ಹೇಳಲಾರೆ. ಅಷ್ಟು ಜನ ನನ್ನ ಮುಖವನ್ನೇ ನೋಡುತ್ತಿರುವಾಗ ಬೆನ್ನು ತಿರುಗಿಸುವುದು ಹೇಗೆ? ಎಷ್ಟು ಹೊತ್ತು ನಿಂತೆನೋ. ಬಿಸಿಲು ಹೊಸ್ತಿಲು ದಾಟಿ ನನ್ನ ಕಾಲಿಗೆ ಬಂತು.

ಆಗ ಮುನಿಯಮ್ಮ ನಡೆದು ಬಂದರು.

"ನಂದೈತೆ ತಕರಾರು."

"ಅಯ್ಯಾ, ಆಕೆ ನಮ್ಮ ಸಭೆಯವರಲ್ಲ" ಅಂದರು ಗುಣಶೀಲನ್.

"ನಿಯಮದಲ್ಲಿ 'ಯಾರಿಗಾದರೂ' ಅಂತಿದೆ ಕಣ್ರೀ" ಅಂದೆ. "ನೀನು ಹೇಳಮ್ಮ."

ಮುನಿಯಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. "ಈವಮ್ಮ ಕೆಟ್ಟೋಳಲ್ಲ. ನಮ್ಮನೆಯೋರ್ನ ಇವ್ಳು ಸಾಯಿಸುದ್ಲು ಅಂತ ನಾನ್ ಯಾವತ್ತೂ ಅಂದಿಲ್ಲ. ಆನೆ ಸಾಯಿಸ್ತು. ಆದ್ರೆ ಗಂಟೆ ಶುರು ಮಾಡೋಕ್ ಮುಂಚೆ ಒಂದ್ ಭಾನ್ವಾರ ನಾನು ಹಾಲಿನ ಚೊಂಬು ಹಿಡ್ಕಂಡು ಇದೇ ಬಾಗ್ಲಾಗೆ ನಿಂತಿದ್ದೆ. ಒಳಗೆ ಕೇಳುದ್ಲು, ದಿನಾ ಹೊತ್ತು ಮೂಡೋಕ್ ಮುಂಚೆ ಗಂಟೆ ಬಡೀತೀನಿ, ಯಾರ್ಗಾನ ತಕರಾರೈತಾ ಅಂತ. ನಂಗಿತ್ತು. ನಮ್ಮನೆಯೋರು ಹೊಲ್ದಾಗ್ ಮಲಗ್ತಾರೆ, ಬ್ಯಾಡ ಕಣಮ್ಮಾ ಅನ್ಬೇಕು ಅಂತ ಬಾಯ್ ತೆಗುದೆ. ಅಷ್ಟ್ರಾಗೆ ಆಮೆನ್ ಅಂದ್ಬುಟ್ಲು. ಎಲ್ರೂ ಆಮೆನ್ ಅಂದ್ರು. ದ್ಯಾವ್ರ ಮಾತಾಗೋದ್ ಮ್ಯಾಲೆ ನಾನೇನ್ ಹೇಳ್ಲಿ? ಚೊಂಬು ಇಟ್ಬುಟ್ಟು ಮನೆಗೋದೆ."

ಹೊಂಗೆ ಮರದ ಕೆಳಗೆ ಯಾರೋ ಬಿಕ್ಕಿದರು.

"ಅದೇ ನನ್ ತಕರಾರು. ಇವ್ಳು ಕೇಳ್ತಾಳೆ. ಕೇಳ್ಬುಟ್ಟು ನಿಲ್ಲಲ್ಲ."

ಜಯಶೀಲ ಎದ್ದು ನನ್ನ ಪಕ್ಕ ಬಂದಿದ್ದಳು. "ಅಕ್ಕಾ, ನನಗೆ ಗೊತ್ತಾಗ್ಲಿಲ್ಲ, ನಾನು ಅವತ್ತು—"

"ನೋಡಿ, ಮತ್ತೆ!" ಅಂದರು ಮುನಿಯಮ್ಮ.

ಜಯಶೀಲ ಬಾಯಿ ಮುಚ್ಚಿದಳು. ಮೆಟ್ಟಿಲ ಮೇಲೆ ಕುಸಿದು ಕೂತಳು, ಮುನಿಯಮ್ಮನ ಕಾಲ ಹತ್ತಿರವೇ. ಅವಳು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮುನಿಯಮ್ಮ ತುಂಬಾ ಹೊತ್ತು ನಿಂತೇ ಇದ್ದರು. ಆಮೇಲೆ ಅವರೂ ಕೂತರು. ಕೂತು ಗಂಡನ ಮಾತು ಶುರುಮಾಡಿದರು. "ವಾಚಮ್ಮನ ಗಂಟೆ ಬಂದ ಮ್ಯಾಲೆ ನಂಗೆ ಕೋಳಿ ಕೂಗೋದೂ ಬ್ಯಾಡ, ಗಂಟೆ ಆಯ್ತಾ ಇಳಿಯೋದು, ಹಸು ಕರಿಯೋದು" ಅಂತ ಆತ ಜಂಬ ಕೊಚ್ಚುತ್ತಿದ್ದನಂತೆ. ಹೇಳುತ್ತಾ ಹೇಳುತ್ತಾ ಆ ಹೆಂಗಸು ಅತ್ತರು. ಡಿಸೆಂಬರಿನಿಂದ ಕಟ್ಟಿಕೊಂಡಿದ್ದ ಅಳು ಅದು. ಜಯಶೀಲ ಒಂದು ಮಾತೂ ಆಡಲಿಲ್ಲ, ಕೇಳಿಸಿಕೊಂಡಳು. ನನ್ನ ಕಣ್ಣೂ ತುಂಬಿತ್ತು, ಗುಣಶೀಲನ್ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಎಲ್ಲ ಮುಗಿದ ಮೇಲೆ ಜಯಶೀಲ ಕೇಳಿದಳು: "ನಾನೇನು ಮಾಡ್ಬೇಕು ಅಕ್ಕಾ?" ಕೇಳಿ ಸುಮ್ಮನಾದಳು. ಕಾದಳು.

ಮುನಿಯಮ್ಮ ಗಂಟೆಯ ಕಡೆ ನೋಡಿದರು. "ಹಗ್ಗ ನನ್ ಕೈಗೆ ಕೊಡು."

ಯಾರಿಗೂ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಆನೆ ಬಂದ್ರೆ ನಾನ್ ಬಡೀತೀನಿ. ಭಾನ್ವಾರ ನಿಮ್ ದ್ಯಾವ್ರಿಗೂ ನಾನೇ ಬಡೀತೀನಿ. ಬ್ಯಾರೆ ಹೊತ್ನಾಗೆ ಬಡಿ ಅಂತ ಯಾವ್ ಪಾದ್ರಿ ಬಂದ್ ಹೇಳುದ್ರೂ ಬಡಿಯಾಕಿಲ್ಲ. ನಾನ್ ಬಡುದ್ರೆ ಊರು ನಂಬ್ತದೆ."

ಅದು ನಿಜ. ಆ ಊರಲ್ಲಿ ಇನ್ನು ಗಂಟೆಗೆ ಜೀವ ಬರಬೇಕಾದರೆ ಆ ಒಂದು ಕೈಯಿಂದ ಮಾತ್ರ ಬರಬೇಕಿತ್ತು. ಗುಣಶೀಲನ್ ನನ್ನ ಮುಖ ನೋಡಿದರು, ಬೇಡವೆನ್ನಲು ನಿಯಮ ಹುಡುಕುತ್ತಿದ್ದರೇನೋ. ನಾನು ಯೋಹಾನಪ್ಪನನ್ನು ಕೇಳಿದೆ, ಅವನು ತಲೆಯಾಡಿಸಿದ. ಮಾದೇಶ ಕಂಬದ ಹತ್ತಿರ ಹೋಗಿ, ತಾನೇ ಬಿಗಿದಿದ್ದ ಹುರಿಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ.

ನಿಯಮ ನಿಯಮವೇ. ತಕರಾರು ಬಂದಿದೆ ಅಂತ ಪ್ರೆಸ್ಬಿಟರಿಗೆ ತಿಳಿಸಿದೆ. ದೀಕ್ಷೆ ನಿಂತಿತು. ಒಂದು ವರ್ಷ ಪ್ರೊಬೇಷನ್ ಮುಂದುವರಿಸಿ ಅಂತ ಜಯಶೀಲಳೇ ಕೇಳಿಕೊಂಡಳು, ಅದೇ ಊರಲ್ಲಿ. ಬಾಗಲೂರಿನಿಂದ ಅವಳ ತಾಯಿ ಮತ್ತೆ ನನ್ನ ಮೇಲೆ ಜಗಳಕ್ಕೆ ಬಂದರು, ಬೈಸಿಕೊಂಡೆ.

ಆ ವರ್ಷವಿಡೀ ಅವಳು ಆರಾಧನೆಯಲ್ಲಿ ಏನಾದರೂ ಕೇಳಿದರೆ, ಕೇಳಿ ನಿಂತುಬಿಡುತ್ತಿದ್ದಳು. ಜನ ಕೂತಲ್ಲೇ ಮಿಸುಕಾಡುವಷ್ಟು ಹೊತ್ತು. "ಈಯಮ್ಮನ ಆರಾಧ್ನೆ ಮುಗಿಯಾಕಿಲ್ಲ ಅಯ್ಯನೋರೆ, ಹಸಿವಾಯ್ತದೆ" ಅಂತ ಯೋಹಾನಪ್ಪ ದೂರು ಹೇಳಿದ. ಆದರೆ ಅದೇ ಹೊತ್ತಿನಲ್ಲಿ ಹಿಂದಿನ ಸಾಲಿನ ಹೆಂಗಸರು ಮಾತಾಡಲು ಶುರುಮಾಡಿದ್ದರು.

ಡಿಸೆಂಬರ್ ಮತ್ತೆ ಬಂತು, ರಾಗಿ ಮತ್ತೆ ಬಲಿಯಿತು. ಒಂದು ನಸುಕಿನಲ್ಲಿ ಗಂಟೆ ಆಯಿತು. ಮುನಿಯಮ್ಮ ಕೈ ಸೋಲುವ ತನಕ ಬಡಿದರಂತೆ. ಆನೆಗಳು ಎರಡು ಹೊಲ ತುಳಿದು ಹೋದವು. ಅಟ್ಟದಿಂದ ಯಾರೂ ಇಳಿಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಅದೇ ಬಾಗಿಲಲ್ಲಿ ನಿಂತೆ. ಒಳಗೆ ಅವತ್ತೇ ದೀಕ್ಷೆ ಕೊಡಲು ಬಂದಿದ್ದ ಪ್ರೆಸ್ಬಿಟರಿಯವರು, ಹೊಂಗೆ ಮರದ ಕೆಳಗೆ ಮತ್ತೆ ಅದೇ ಜನ. ಮುನಿಯಮ್ಮ ಕಂಬದ ಹತ್ತಿರ, ಕೈಯಲ್ಲಿ ಹಗ್ಗ. ಮೂರು ಸಲ ಕೇಳಿದೆ. ಮೂರನೆಯದಾದ ಮೇಲೆ ಆಕೆ ನನ್ನನ್ನೇ ನೋಡಿದರು. ಜಯಶೀಲ ನನ್ನ ಹಿಂದೆ ನಿಂತಿದ್ದಳು. ಈ ಹೆಂಗಸಿಗೆ ಇನ್ನೂ ಏನೋ ಇದೆ ಅಂದುಕೊಂಡೆ.

"ನಂಗೇನಿಲ್ಲ. ಒಳಗೋಗ್ ವಾಚಮ್ಮಾ" ಅಂದು ಮುನಿಯಮ್ಮ ಹಗ್ಗ ಎಳೆದರು.

ಆ ಹೆಸರು ಕೇಳಿ ಜಯಶೀಲ ಬಾಗಿಲಲ್ಲೇ ಅತ್ತುಬಿಟ್ಟಳು. ಅಳುತ್ತಲೇ ಒಳಗೆ ಬಂದು ಮಂಡಿಯೂರಿದಳು, ನಾವು ಪಾದ್ರಿಗಳೂ ಹಿರಿಯರೂ ಅವಳ ತಲೆಯ ಮೇಲೆ ಕೈಯಿಟ್ಟೆವು. ಆರಾಧನೆ ಮುಗಿದ ಮೇಲೆ ಟೀಗೆ ಹಾಲಿತ್ತು.

ಈಗ ನಾನು ನಿವೃತ್ತ. ಆದರೂ ಹೊಸ ಅಭ್ಯರ್ಥಿಗಳು ಬಂದರೆ ಸಮಿತಿಯವರು ನನ್ನ ಹತ್ತಿರ ಕಳಿಸುತ್ತಾರೆ. ಗ್ರೀಕ್ ಕಲಿಸುವವರು, ಪ್ರಸಂಗ ಕಲಿಸುವವರು ಬೇರೆ ಇದ್ದಾರೆ. ನಾನು ಹೇಳುವುದು ಒಂದೇ. ಜನರನ್ನು ಏನಾದರೂ ಕೇಳಿದರೆ, ಕೇಳಿದ ಮೇಲೆ ನಿಲ್ಲಿ. ಬಾಗಿಲಲ್ಲಿ ನಿಂತಿರುವವರು ಹಾಲಿನ ಚೊಂಬು ಕೆಳಗಿಟ್ಟು ಬಾಯಿ ತೆರೆಯುವಷ್ಟು ಹೊತ್ತಾದರೂ ನಿಲ್ಲಿ.